ತಳದಲ್ಲಿ ಎರಡು ಬೊಟ್ಟು

ಡಿಎನ್‌ಎಯ ಎರಡು ಅಕ್ಷರ ಒಂದಕ್ಕೊಂದು ಹೊಂದದಿದ್ದರೆ, ತಪ್ಪು ಯಾವುದರದು ಎಂದು ಪ್ರೋಟೀನಿಗೆ ಹೇಗೆ ಗೊತ್ತಾಗುತ್ತದೆ? ಎಂ.ಎಸ್ಸಿ. ಪ್ರಾಜೆಕ್ಟ್ ಶುರುವಾದ ದಿನ ನಾನು ಕೇಳಿದ ಮೊದಲ ಪ್ರಶ್ನೆ ಇದು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ಗೆದ್ದು, ಯಾರು ಏನು ಹೇಳಿದರೂ ‘ಅದಕ್ಕೇನು ಆಧಾರ?’ ಎನ್ನುವುದು ನನಗೆ ಚಟವಾಗಿತ್ತು.

ನಮ್ಮ ಗೈಡ್ ಮೇಡಂ ಬೋರ್ಡಿನ ಮೇಲೆ ಡಿಎನ್‌ಎಯ ಎರಡು ಎಳೆ ಎಳೆದರು. ಎಳೆ ನಕಲಾಗುವಾಗ ಒಮ್ಮೊಮ್ಮೆ ತಪ್ಪು ಅಕ್ಷರ ಬಂದು ಕೂರುತ್ತದೆ. ಯೀಸ್ಟಿನ ಮೈಟೊಕಾಂಡ್ರಿಯದಲ್ಲಿ, ಅಂದರೆ ಆ ಜೀವಕೋಶ ಉಸಿರಾಡಿ ಶಕ್ತಿ ಪಡೆಯುವ ಜಾಗದಲ್ಲಿ, ಅಂಥದ್ದನ್ನು ಹುಡುಕಲೆಂದೇ ಒಂದು ಪ್ರೋಟೀನ್ ಇದೆ. ಅದು ಅಕ್ಷರ ಓದುವುದಿಲ್ಲ. ಎಳೆಯನ್ನು ಹಿಡಿದು ಬಗ್ಗಿಸುತ್ತದೆ. ಜೋಡಿ ಸರಿಯಾಗಿ ಕೂತಿರದ ಕಡೆ ಎಳೆ ಸುಲಭವಾಗಿ ಬಾಗುತ್ತದೆ. ಪ್ರೋಟೀನ್ ಅಲ್ಲಿ ನಿಲ್ಲುತ್ತದೆ. ದುರಸ್ತಿ ಅಲ್ಲಿಂದ ಶುರು.

“ಹೊಂದಿಲ್ಲ ಅಂತ ಗೊತ್ತಾಯ್ತು ಮೇಡಂ. ಎರಡರಲ್ಲಿ ಹಳೇದು ಯಾವುದು, ಹೊಸದಾಗಿ ಬಂದ ತಪ್ಪು ಯಾವುದು?”

“ಕೆಲವು ಬ್ಯಾಕ್ಟೀರಿಯಗಳಲ್ಲಿ ಹಳೇ ಎಳೆಗೆ ಒಂದು ಗುರುತಿರುತ್ತೆ. ಯೀಸ್ಟ್ ಮೈಟೊಕಾಂಡ್ರಿಯದಲ್ಲಿ ಹೇಗೆ ಅನ್ನೋದು ಇನ್ನೂ ಸ್ಪಷ್ಟ ಇಲ್ಲ.”

ಗೊತ್ತಿಲ್ಲ ಎನ್ನುವವರನ್ನು ನಾನು ನಂಬುತ್ತೇನೆ. ಒಪ್ಪಿಕೊಂಡೆ.

ನಾನು ದಿನಾ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬರುತ್ತಿದ್ದೆ. ಪ್ರಾಜೆಕ್ಟಿನ ಜೊತೆಗಾತಿ ಹರವೆ ಊರಿನವಳು. ಮೈಸೂರಿನ ಒಂದು ಲ್ಯಾಬಿನಲ್ಲಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅದಕ್ಕೆ ಮೇಡಂ ಶಿಫಾರಸು ಪತ್ರ ಕೊಡಬೇಕಿತ್ತು. ಮುಚ್ಚಳವಿರುವ ನಾಲ್ಕು ಪ್ಲೇಟುಗಳಲ್ಲಿ ಯೀಸ್ಟ್ ಹರಡಿದವಳು ಅವಳೇ. ಎರಡರಲ್ಲಿ ಸಹಜ ಯೀಸ್ಟ್, ಎರಡರಲ್ಲಿ ಆ ಪ್ರೋಟೀನಿನ ಜೀನ್ ಇಲ್ಲದ್ದು. ಪ್ರೋಟೀನ್ ಇಲ್ಲದಿದ್ದರೆ ಮೈಟೊಕಾಂಡ್ರಿಯದ ಡಿಎನ್‌ಎ ಕೆಡುತ್ತದೆ. ಯೀಸ್ಟ್ ಉಸಿರಾಡಲಾರದೆ ಬರೀ ಸಕ್ಕರೆ ಹುಳಿಸಿಕೊಂಡು ಕುಳ್ಳಗಿನ ಕಾಲೊನಿಗಳಾಗಿ, ಸಣ್ಣ ಚುಕ್ಕೆಗಳಂತೆ, ಬೆಳೆಯುತ್ತದೆ. ಹೆಸರು ಬರೆಯುವ ಕೆಲಸ ನನ್ನದು. ಮುಚ್ಚಳಗಳ ಮೇಲೆ ದುಂಡಗೆ ಬರೆದೆ.

ಮೂರನೇ ದಿನ ನೋಡಿದರೆ ‘ಸಹಜ’ ಎಂದಿದ್ದ ಒಂದು ಪ್ಲೇಟಿನ ತುಂಬ ಕುಳ್ಳ ಕಾಲೊನಿ. ‘ಜೀನ್ ಇಲ್ಲ’ ಎಂದಿದ್ದ ಒಂದರಲ್ಲಿ ದಪ್ಪದಪ್ಪ ಕಾಲೊನಿ.

“ಹರಡುವಾಗ ಯೀಸ್ಟಿನ ಟ್ಯೂಬ್ ಅದಲುಬದಲು ಮಾಡಿದೀಯ,” ಎಂದೆ.

“ನಾನಾ? ತಿರುಗ್ಸಿ ನೋಡಮ್ಮಿ.”

ಅವಳು ಪ್ಲೇಟುಗಳನ್ನು ಮಗುಚಿದಳು. ತಳದಲ್ಲಿ ಮಾರ್ಕರಿನ ಬೊಟ್ಟು. ಸಹಜಕ್ಕೆ ಒಂದು, ಜೀನ್ ಇಲ್ಲದ್ದಕ್ಕೆ ಎರಡು. ಬೊಟ್ಟು ನಂಬಿದರೆ ನಾಲ್ಕೂ ಸರಿಯಿದ್ದವು.

“ಇದ್ಯಾವಾಗ ಇಟ್ಟೆ?”

“ಹರಡೋಕ್ ಮುಂಚೆ. ನಮ್ಮನೇಲಿ ಪಾತ್ರೆ ಮೇಲೆ ಹೆಸ್ರು ಕೊರ್ಸೋದು ತಳಕ್ಕೇ ಕಣಮ್ಮಿ, ಮುಚ್ಳಕ್ಕಲ್ಲ. ಮುಚ್ಳ ಯಾರ್ ಮನೇಗ್ ಬೇಕಾದ್ರೂ ಓಯ್ತದೆ.”

“ಇದು ಲ್ಯಾಬು, ಅಡುಗೆಮನೆ ಅಲ್ಲ. ಉತ್ತರ ನೋಡಿದ ಮೇಲೆ ಬೊಟ್ಟಿಟ್ಟರೆ ಯಾವಾಗಲೂ ಹೊಂದತ್ತೆ.”

ವಾದ ಚೆನ್ನಾಗಿತ್ತು. ಮೇಡಂ ಮುಂದೆಯೂ ಅದನ್ನೇ ಇನ್ನೂ ನೀಟಾಗಿ ಮಂಡಿಸಿದೆ. ಮೇಡಂ ಅವಳ ಕಡೆ ತಿರುಗಿ, “ಟ್ಯೂಬ್ ಬದಲಾಯಿಸಿ, ಆಮೇಲೆ ಗುರುತು ಹಾಕಿದ್ದರೆ, ನಿನ್ನ ಕೈಕೆಲಸದ ಬಗ್ಗೆ ನಾನು ಹೇಗೆ ಪತ್ರ ಬರೀಲಿ?” ಎಂದರು. ಅವಳು ಪ್ಲೇಟುಗಳನ್ನು ಫ್ರಿಜ್ಜಿನಲ್ಲಿಟ್ಟು, ಬ್ಯಾಗು ಎತ್ತಿಕೊಂಡು ಹೋದಳು. ಗೆದ್ದೆ ಎಂದುಕೊಂಡು ನಾನೂ ಬಸ್ ಹತ್ತಿದೆ.

ಭಾನುವಾರ ನಮ್ಮ ಬೀದಿಯಲ್ಲಿ ಗೃಹಪ್ರವೇಶ. ಅಡುಗೆಗೆಂದು ಮನೆಮನೆಯಿಂದ ಪಾತ್ರೆ ಹೋಗಿತ್ತು. ಊಟ ಮುಗಿದ ಮೇಲೆ ಅವ್ವ ನಮ್ಮ ತಪ್ಪಲೆ ತರಲು ಕಳಿಸಿದಳು. ನಮ್ಮ ಮುಚ್ಚಳದ ಹಿಡಿಗೆ ಸ್ವಲ್ಪ ಸೊಟ್ಟ. ದೂರದಿಂದಲೇ ಗುರುತು ಹಿಡಿದು ತಂದೆ.

ಅವ್ವ ತಪ್ಪಲೆ ಬೋರಲು ಹಾಕಿದಳು. ತಳದಲ್ಲಿ ಪಕ್ಕದ ಮನೆಯವರ ಹೆಸರು.

“ಮುಚ್ಳ ನೋಡ್ಕಂಡು ಎತ್ಕಂಡ್ ಬಂದ್ಯಾ? ಎಂ.ಎಸ್ಸಿ. ಬೇರೆ ಓದ್ತವ್ಳೆ! ತೊಳ್ದು ಒಣಗ್ಸಕ್ ಸಾಲಾಗಿ ಇಟ್ಟಿರ್ತಾರೆ, ಕೈಗ್ ಸಿಕ್ಕಿದ್ ಮುಚ್ತಾರೆ. ಓಗು, ಕೊಟ್ಬುಟ್ಟು ನಮ್ದು ತಕ್ಕಂಬಾ.”

ಸಾಲಾಗಿ ಇಟ್ಟಿರ್ತಾರೆ. ನಾನು ತಪ್ಪಲೆ ಹಿಡಿದು ಬಾಗಿಲಲ್ಲೇ ನಿಂತೆ. ಎರಡನೇ ದಿನ ಪ್ಲೇಟಿನ ಮುಚ್ಚಳಗಳಲ್ಲಿ ನೀರು ಹನಿಗಟ್ಟಿತ್ತು. ನಾಲ್ಕನ್ನೂ ತೆಗೆದು, ಬರ್ನರ್ ಪಕ್ಕ ಸಾಲಾಗಿ ಇಟ್ಟು, ಟಿಶ್ಯೂನಿಂದ ಒರೆಸಿ ಮುಚ್ಚಿದ್ದು ನಾನೇ. ಅದು ನನ್ನ ಮಟ್ಟಿಗೆ ಜಾಗ್ರತೆಯ ಕೆಲಸ. ಹಾಗಾಗಿ ತಪ್ಪು ಹುಡುಕುವಾಗ ಅದರ ನೆನಪೇ ಆಗಿರಲಿಲ್ಲ.

ಆದರೂ ನೆನಪು ಆಧಾರವಲ್ಲವಲ್ಲ. ಬೊಟ್ಟು ಮೊದಲೇ ಇತ್ತೆನ್ನುವುದಕ್ಕೆ? ಫೋನ್ ತೆರೆದೆ. ಮೊದಲ ದಿನ ಇನ್‌ಕ್ಯುಬೇಟರಿನ ಉಷ್ಣತೆ ತೋರಿಸಲು ಒಂದು ಫೋಟೊ ತೆಗೆದಿದ್ದೆ. ಪ್ಲೇಟುಗಳನ್ನು ಅದರೊಳಗೆ ಬೋರಲಾಗಿಯೇ ಇಡುವುದು ರೂಢಿ. ಫೋಟೊದ ಮೂಲೆಯಲ್ಲಿ ನಾಲ್ಕು ತಳ, ಒಂದೂ ಕಾಲೊನಿ ಇಲ್ಲ. ಬೊಟ್ಟುಗಳು ಮಾತ್ರ ಇದ್ದವು. ಒಂದು, ಒಂದು, ಎರಡು, ಎರಡು.

ಸೋಮವಾರ ಇಬ್ಬರ ಮುಂದೆಯೂ ಫೋನ್ ಇಟ್ಟು ಮುಚ್ಚಳದ ಕಥೆ ಹೇಳಿದೆ. ಮೇಡಂ ಫೋಟೊ ದೊಡ್ಡದು ಮಾಡಿ ಬೊಟ್ಟು ಎಣಿಸಿದರು.

“ವರದಿಯಲ್ಲಿ ಇದೂ ಬರಲಿ. ಓದಿ ಪತ್ರಕ್ಕೆ ಸಹಿ ಹಾಕ್ತೀನಿ.”

ಬರೆದೆ: ‘ತೇವ ಒರೆಸುವ ಸಂದರ್ಭದಲ್ಲಿ ಎರಡು ಮುಚ್ಚಳಗಳು ಅದಲುಬದಲಾಗಿದ್ದವು.’

ಜೊತೆಗಾತಿ ಹೆಗಲ ಮೇಲಿಂದ ಬಗ್ಗಿ ಓದಿದಳು. “ಅವ್ಕೇನು ಕಾಲಿದ್ದಾವಾ ಕಣಮ್ಮಿ? ತಾವೇ ಎದ್ದು ನಡ್ಕಂಡು ಓದ್ವಾ?”

ಅಳಿಸಿ, ‘ಒರೆಸುವಾಗ ನಾನು ಅದಲುಬದಲು ಮಾಡಿದೆ, ಯೀಸ್ಟ್ ಹರಡಿದ್ದರಲ್ಲಿ ತಪ್ಪಿರಲಿಲ್ಲ’ ಎಂದು ಬರೆದೆ.

“ಈಗ ಕೊಡು,” ಎಂದವಳೇ ಹಾಳೆ ಕಿತ್ತುಕೊಂಡು ಮೇಡಂ ಕೋಣೆಯ ಕಡೆ ನಡೆದಳು.