ಕಾತ್ಯಾಯಿನಿಯ ಅನಾನಸ್ ಕೇಸರಿಬಾತ್

ಕಾತ್ಯಾಯಿನಿಗೆ ವಾಸನೆ ತಿಳಿಯುವುದು ನಿಂತುಹೋದದ್ದು ೨೦೨೧ರ ಮೇ ತಿಂಗಳಲ್ಲಿ. ಕೋವಿಡ್ ಜ್ವರ ಬಿಟ್ಟ ನಾಲ್ಕನೇ ದಿನ ಎದ್ದು ಸಾರಿಗೆ ಒಗ್ಗರಣೆ ಹಾಕಿದರು. ಸಾಸಿವೆ ಚಟಪಟ ಅಂದದ್ದು ಕೇಳಿಸಿತು, ಇಂಗು ಕರಗಿದ್ದು ಕಾಣಿಸಿತು. ಆದರೆ ಅಡುಗೆಮನೆಯಲ್ಲಿ ಏನೂ ನಡೆದೇ ಇಲ್ಲವೆಂಬಂತಿತ್ತು. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದರು. ಸೀನು ಬಂತು, ವಾಸನೆ ಬರಲಿಲ್ಲ.

ಮೂವತ್ತೊಂದು ವರ್ಷ ಅವರು ಜಯನಗರದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವರು. ಚೀಟಿ ಕಿತ್ತುಹೋದ ಸೀಸೆ ಸಿಕ್ಕರೆ ಮುಚ್ಚಳ ತೆಗೆದು, ಕೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಂಡು, ಒಳಗಿರುವುದು ಏನೆಂದು ಹೇಳಿಬಿಡುತ್ತಿದ್ದರು. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಗಿರಿನಗರದಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಪಾತ್ರೆ ತೊಳೆಯಲು ಅಕ್ಕಯಮ್ಮ ಬಂದು ಹೋದರೆ ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಉಳಿದವರಿಗೆಲ್ಲ ಹದಿನೈದು ದಿನ, ತಿಂಗಳಿಗೆ ವಾಸನೆ ಮರಳಿತು. ಇವರಿಗೆ ಮರಳಲಿಲ್ಲ. "ಬರಬಹುದು, ಕಾಯಬೇಕು" ಎಂದರು ಡಾಕ್ಟರು. ಕಾತ್ಯಾಯಿನಿ ಇದನ್ನು ಬೇರೆ ಯಾರಿಗೂ ಹೇಳಲಿಲ್ಲ. ಊರಿಗೆ ಊರೇ ಸಾವು ನೋಡಿದ ವರ್ಷದಲ್ಲಿ, ನನಗೆ ಇಂಗಿನ ವಾಸನೆ ಬರುತ್ತಿಲ್ಲ ಎಂದು ಯಾರಿಗೆ ಫೋನು ಮಾಡುವುದು? ಅನ್ನ ಬಾಯಲ್ಲಿ ನೆನೆದ ಕಾಗದದಂತೆ ತಿರುಗುತ್ತಿತ್ತು. ಅಡುಗೆ ಮೊಸರನ್ನಕ್ಕೆ ಇಳಿಯಿತು. ಕೈಬಳೆಗಳು ಸಡಿಲವಾದವು.

ಮರುವರ್ಷ ಅಟ್ಟ ಗುಡಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮೇಲಿನ ರೂಮಿನಲ್ಲಿದ್ದ ವಿಜಯಕುಮಾರ್ ಬೇಗೂರಿಗೆ ಮನೆ ಬದಲಾಯಿಸುವಾಗ ಕೊಟ್ಟುಹೋಗಿದ್ದ ಪೆಟ್ಟಿಗೆ ಅದು. ಅವನು ಬಿಟಿಎಂ ಲೇಔಟಿನಲ್ಲಿ ಇ-ಸಿಗರೇಟು ಮಾರುವ ಅಂಗಡಿಯಲ್ಲಿದ್ದ. ೨೦೧೯ರಲ್ಲಿ ಸರ್ಕಾರ ಅದನ್ನು ನಿಷೇಧಿಸಿದಾಗ ಅಂಗಡಿ ಮುಚ್ಚಿತು. ಇ-ಸಿಗರೇಟಿನಲ್ಲಿ ಹೊಗೆಯಾಗುವ ದ್ರವಕ್ಕೆ ಪರಿಮಳ ಬೆರೆಸಲು ಇಟ್ಟುಕೊಂಡಿದ್ದ ಗಟ್ಟಿ ಎಸೆನ್ಸಿನ ಪುಟ್ಟ ಬಾಟಲಿಗಳು ಅವನಲ್ಲಿ ಉಳಿದವು. "ಇದ್ರಲ್ಲಿ ನಿಕೋಟಿನ್ ಇಲ್ಲ ಆಂಟಿ, ಬರೀ ಫ್ಲೇವರ್. ಕೇಕಿಗೆ ಹಾಕ್ಕೊಳ್ಳಿ" ಎಂದಿದ್ದ.

ಪ್ರಯೋಗಾಲಯದ ಅಭ್ಯಾಸ, ಕೇಳದೆ ಬಾಯಿಗೆ ಹಾಕಿಕೊಳ್ಳುವವರಲ್ಲ. ಅವನಿಗೆ ಫೋನು ಮಾಡಿದರು.

"ವಿಜಯಕುಮಾರ್, ಇವು ಅಡುಗೆಗೆ ನಿಜವಾಗ್ಲೂ ಆಗುತ್ತಾ?"

"ಚೀಟಿ ಮೇಲೆ ಫುಡ್ ಗ್ರೇಡ್ ಅಂತಿದ್ರೆ ಆಗುತ್ತೆ ಆಂಟಿ. ನಾನೂ ಹಾಲಿಗೆ ಹಾಕ್ಕೊಂಡು ಕುಡೀತಿದ್ದೆ. ಆದ್ರೆ ಸಖತ್ ಸ್ಟ್ರಾಂಗು. ಲೋಟಕ್ಕೆ ಒಂದು ಹನಿ, ಅಷ್ಟೇ. ಡೇಟ್ ಮುಗಿದಿರೋದನ್ನ ಬಿಸಾಕ್ಬಿಡಿ."

"ಬೇಗೂರಲ್ಲಿ ಮನೆ ಹೇಗಿದೆ? ಕೆರೆ ಹತ್ರಾನಾ?"

"ಆಂಟಿ, ಗಾಡೀಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಅವನು ಇಟ್ಟ. ಆಮೇಲೆ ಮಾಡಲಿಲ್ಲ.

ಭೂತಗನ್ನಡಿ ಹಿಡಿದು ಇಪ್ಪತ್ತು ಬಾಟಲಿಗಳ ಚೀಟಿ ಓದಿದರು. ಮೂರು ಉಳಿದವು: ವೆನಿಲಾ, ಅನಾನಸ್, ಪುದೀನ. ಮಜ್ಜಿಗೆಗೆ ಪುದೀನದ ಒಂದು ಹನಿ ಬಿಟ್ಟು ಕುಡಿದರು. ನಾಲಿಗೆಯಿಂದ ಗಂಟಲಿಗೆ, ಗಂಟಲಿನಿಂದ ಮೂಗಿನ ಮೇಲಕ್ಕೆ ಒಂದು ತಣ್ಣನೆಯ ಗೆರೆ ಹಾದುಹೋಯಿತು. ಲೋಟ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟರು. "ಬಂತು" ಎಂದು ಜೋರಾಗಿ ಹೇಳಿದರು. ಎದ್ದು ಹೋಗಿ ಕಾಫಿಪುಡಿಯ ಡಬ್ಬಿ ತೆಗೆದರು. ಅಲ್ಲಿ ಏನೂ ಇರಲಿಲ್ಲ. ಬಂದದ್ದು ವಾಸನೆಯಲ್ಲ, ಬರೀ ತಂಪು ಎಂದು ಅವರಿಗೆ ತಕ್ಷಣ ಅರ್ಥವಾಯಿತು. ಆದರೂ ಮರುದಿನ ಮತ್ತೆ ಹನಿ ಬಿಟ್ಟರು. ಒಂದು ವರ್ಷದಿಂದ ಅವರ ಬಾಯಲ್ಲಿ ಏನೋ ಆಗಿದ್ದು ಅದೊಂದೇ.

ಆ ಭಾನುವಾರ ಬರುತ್ತೇನೆಂದು ಕಮಲಾದೇವಿ ಫೋನು ಮಾಡಿದರು. ಅದೇ ಕಾಲೇಜಿನ ಲೈಬ್ರರಿಯಲ್ಲಿದ್ದ ಗೆಳತಿ, ಈಗ ಜೆ.ಪಿ. ನಗರದಲ್ಲಿ ತಂಗಿಯ ಮನೆಯಲ್ಲಿದ್ದರು. ಅವರನ್ನು ನೋಡಿ ಎರಡು ವರ್ಷವಾಗಿತ್ತು. ಕಾತ್ಯಾಯಿನಿ ಅಂದು ಬೆಳಿಗ್ಗೆ ಬೇಗ ಎದ್ದು ರವೆ ಹುರಿದು ಕೇಸರಿಬಾತಿಗೆ ಇಟ್ಟರು. ಅನಾನಸ್ ಎಸೆನ್ಸು ಎರಡು ಹನಿ ಹಾಕಿ ರುಚಿ ನೋಡಿದರು. ಬರೀ ಸಿಹಿ. ಬಾಟಲಿ ಹಳೆಯದು, ಸತ್ವ ಹೋಗಿರಬಹುದು ಎನ್ನಿಸಿತು. ಇನ್ನೆರಡು ಹಾಕಿದರು, ಇನ್ನು ನಾಲ್ಕು ಹಾಕಿದರು. ತನ್ನ ನಾಲಿಗೆಯನ್ನು ನಂಬುವಂತಿಲ್ಲ ಎಂಬುದು ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಕೊನೆಗೆ ಎಷ್ಟು ಹಾಕಿದರೆಂದು ಅವರಿಗೇ ತಿಳಿಯಲಿಲ್ಲ.

ಕಮಲಾದೇವಿ ಮೊದಲ ಚಮಚ ಬಾಯಿಗಿಟ್ಟರು.

"ಹೇಗಿದೆ ಕಮಲಾ?"

"ಚೆನ್ನಾಗಿದೆ ಕಣೆ" ಎಂದು ತಟ್ಟೆ ಪೂರ್ತಿ ಖಾಲಿ ಮಾಡಿದರು. ಮೂರು ಸಲ ನೀರು ಕೇಳಿ ಕುಡಿದರು. ಮಂಡಿನೋವಿನ ಮಾತಾಡಿ, ಅರ್ಧ ಗಂಟೆಯಲ್ಲಿ ಆಟೋ ಹತ್ತಿದರು.

ಬೆಳಿಗ್ಗೆ ತಪ್ಪಿಸಿದ್ದ ಅಕ್ಕಯಮ್ಮ ಮಧ್ಯಾಹ್ನ ಬಂದವಳು ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಅಯ್ಯೋ, ಏನಮ್ಮಾ ಇದು? ಸೆಂಟ್ ಬಾಟ್ಲಿ ಒಡೆದೋಯ್ತಾ? ಗೇಟ್ ಹತ್ರಾನೇ ಮೂಗಿಗೆ ಹೊಡೀತು!"

ಕಾತ್ಯಾಯಿನಿ ಒಲೆಯ ಪಕ್ಕದ ಬಾಣಲೆಯನ್ನು ನೋಡಿದರು. ಕಮಲಾ ಆ ತಟ್ಟೆಯನ್ನು ಹೇಗೆ ಮುಗಿಸಿದಳು ಎಂದು ಯೋಚಿಸಿದಾಗ ಮುಖ ಬಿಸಿಯಾಯಿತು. ಅಕ್ಕಯಮ್ಮನಿಗೆ, "ನಂಗೆ ವಾಸನೆ ಗೊತ್ತಾಗಲ್ಲ ಅಕ್ಕಯಮ್ಮ. ಹೋದ ವರ್ಷದ ಜ್ವರದಿಂದ" ಎಂದರು. ಡಾಕ್ಟರನ್ನು ಬಿಟ್ಟರೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ವರ್ಷದಿಂದಾನಾ? ನಾನು ದಿನಾ ಬರ್ತೀನಲ್ಲಮ್ಮ, ಒಂದು ಮಾತು ಹೇಳ್ಬಾರ್ದಾ?"

ಮರುದಿನ ಅಕ್ಕಯಮ್ಮ ಕೆಲಸ ಮುಗಿಸಿದ ಮೇಲೆ ಅವಳನ್ನು ಕೂರಿಸಿ, ಐದು ಲೋಟ ನೀರು ಜೋಡಿಸಿ, ಒಂದರಿಂದ ಐದು ಹನಿಯವರೆಗೆ ಅನಾನಸ್ ಬೆರೆಸಿಟ್ಟರು. ಅಕ್ಕಯಮ್ಮ ಒಂದೊಂದಾಗಿ ಮೂಸಿದಳು. "ಇದು ಹಣ್ಣು. ಇದೂ ಪರವಾಗಿಲ್ಲ. ಅಲ್ಲಿಂದಾಚೆ ಎಲ್ಲ ಸೆಂಟೇ ಅಮ್ಮ" ಎಂದು ಕೊನೆಯ ಮೂರನ್ನು ದೂರ ಸರಿಸಿದಳು. ಕಾತ್ಯಾಯಿನಿ ಬಾಟಲಿಯ ಮೇಲೆ 'ಎರಡು ಹನಿ, ಹೆಚ್ಚು ಬೇಡ' ಎಂದು ಬರೆದು ಅಂಟಿಸಿದರು.

ಕಮಲಾದೇವಿಗೆ ಫೋನು ಮಾಡಲು ಮೂರು ದಿನ ಹಿಡಿಯಿತು. ಎಲ್ಲ ಹೇಳಿ ಮುಗಿಸಿದಾಗ, "ನಿಜ ಹೇಳ್ಲಾ? ಮನೆಗೆ ಬರೋವರೆಗೂ ಬಾಯಲ್ಲಿ ಅದೇ ಇತ್ತು. ಸ್ನಾನದ ಸೋಪು ತಿಂದಂಗಿತ್ತು. ನೀನು ಅಷ್ಟು ಆಸೆಯಿಂದ ನೋಡ್ತಿದ್ದೆ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ" ಎಂದರು ಕಮಲಾದೇವಿ. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಕಾತ್ಯಾಯಿನಿಗೆ ಅಳು ಬಂತು. ಅದು ಫೋನಿನಲ್ಲಿ ಕೇಳಿಸಿತೋ ಇಲ್ಲವೋ, "ಮುಂದಿನ ಭಾನುವಾರ ನೀನು ಇಲ್ಲಿಗೆ ಬಾ. ನಾನು ಅಡಿಗೆ ಮಾಡ್ತೀನಿ" ಎಂದರು ಕಮಲಾದೇವಿ.

ಹೋದರು. ಎಲೆಯ ಮುಂದೆ ಕುಳಿತಾಗ ಕಮಲಾದೇವಿ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಒಂದೊಂದಾಗಿ ಹೇಳತೊಡಗಿದರು. "ಈ ಹುಳೀಲಿ ಇಂಗು ಒಂಚೂರು ಜಾಸ್ತಿ ಆಗಿದೆ. ಪಲ್ಯಕ್ಕೆ ಕಾಯಿ ಹಸೀದು, ಈಗಷ್ಟೇ ತುರಿದದ್ದು. ತುಪ್ಪ ಸ್ವಲ್ಪ ಸೀದು ಹೋಗಿದೆ, ನನ್ನ ತಂಗಿಗೆ ಹೇಳ್ಬೇಡ."

ಕಾತ್ಯಾಯಿನಿ ಕೇಳುತ್ತಾ ಉಂಡರು. ರುಚಿ ಬಂತೆಂದು ಅವರು ಯಾರಿಗೂ ಹೇಳಲಿಲ್ಲ, ಬಂದಿರಲೂ ಇಲ್ಲ. ಆದರೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಈಗ ತಿಂಗಳಿಗೊಂದು ಭಾನುವಾರ ಜೆ.ಪಿ. ನಗರಕ್ಕೆ ಹೋಗುತ್ತಾರೆ. ಕಮಲಾದೇವಿಯ ಮಂಡಿ ಹಟ ಮಾಡಿದ ತಿಂಗಳು ಅದೂ ಇಲ್ಲ. ಉಳಿದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ತಟ್ಟೆ ಹಾಕಿಕೊಂಡು, ರೇಡಿಯೋ ಹಚ್ಚಿ, ಬಾಗಿಲ ಕಡೆ ಮುಖ ಮಾಡಿ ಊಟಕ್ಕೆ ಕೂರುತ್ತಾರೆ.