ತಗಡಿನ ವ್ಯಾನಿಗೆ ಆಯಿ ಹಾಕಿದ ಷರತ್ತು

ನಮ್ಮ ಕೇರಿಯಲ್ಲಿ ಈ ಕಥೆಗೆ ಒಂದು ಸಿದ್ಧ ರೂಪವಿದೆ. ಮೂವತ್ತು ವರ್ಷ ಬೋಟಿನ ಇಂಜಿನ್ ಪಕ್ಕ ಕೂತು ಕಿವಿ ಕಳೆದುಕೊಂಡ ಮನುಷ್ಯ, ಒಮ್ಮೆಯಾದರೂ ಹೆಂಡತಿಗೆ ನಾಲ್ಕು ಊರು ತೋರಿಸಬೇಕೆಂದು ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಮಂಚ ಹಾಕಿ, ಅದನ್ನೇ ಮನೆ ಮಾಡಿದ. ಕೇಳಿದವರು "ಪಾಪ, ಎಷ್ಟು ಪ್ರೀತಿ" ಅನ್ನುತ್ತಾರೆ. ಹೇಳಿದವರೂ ಒಂದು ಕ್ಷಣ ಕಣ್ಣು ಒರೆಸಿಕೊಳ್ಳುವ ಹಾಗೆ ಮಾಡುತ್ತಾರೆ.

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪರ ವಿರೋಧ ಎರಡೂ ಕಡೆ ನಿಂತು ನಾನು ಕಲಿತದ್ದು ಇಷ್ಟೆ: ಎಲ್ಲರೂ ಒಪ್ಪಿದ ಮಾತಿಗೆ ಯಾರೂ ಸಾಕ್ಷಿ ಕೇಳಿರುವುದಿಲ್ಲ. ಆದ್ದರಿಂದ ಕೇಳುತ್ತೇನೆ. ಆ ಮನುಷ್ಯ ನನ್ನ ಅಪ್ಪ, ಆ ಹೆಂಡತಿ ನನ್ನ ಆಯಿ. ಊರು ನೋಡಬೇಕೆಂದು ಅವಳು ಯಾವಾಗ ಹೇಳಿದ್ದಳು? ಹೇಳಿರಲಿಲ್ಲ. ಬಲೆಯ ಹಗ್ಗ ತರುತ್ತೇನೆಂದು ಹೋದ ಅಪ್ಪ ಸಂಜೆ ಹನ್ನೆರಡು ಸೀಟಿನ ವ್ಯಾನು ತಂದು ಬಾಗಿಲೆದುರು ನಿಲ್ಲಿಸಿದಾಗ ಅವಳು ಬುಟ್ಟಿ ತೊಳೆಯುತ್ತಿದ್ದಳು. ತಲೆಯೆತ್ತಿ ನೋಡಿ, "ಇದು ಯಾರದ್ದು?" ಅಂದಳು. ಪ್ರೀತಿಯ ಕಾಣಿಕೆಯನ್ನು ಪಡೆದವಳ ಮೊದಲ ಮಾತು ಅದು.

ಇನ್ನೊಂದು ಮಾತನ್ನೂ ಕೇರಿಯವರು ಸೇರಿಸುತ್ತಾರೆ: ಆಯಿಯದು ಮೀನು ಮಾರುವವಳ ಗಂಟಲು, ಹಾಗಾಗಿ ಕೆಪ್ಪ ಗಂಡನಿಗೆ ಸರಿಯಾದ ಜೋಡಿ. ಇದೂ ಸುಳ್ಳು. ಅಂಕೋಲೆಯ ಮೀನು ಪೇಟೆಯಲ್ಲಿ ಆಯಿ ಕೂಗುವುದೇ ಇಲ್ಲ. ಗಿರಾಕಿಯ ಕಡೆ ಬಾಗಿ, ಸೂಜಿಯ ಮೊನೆಯಷ್ಟು ಸಣ್ಣ ದನಿಯಲ್ಲಿ ದರ ಹೇಳುತ್ತಾಳೆ, ಪಕ್ಕದ ಬುಟ್ಟಿಯವಳಿಗೆ ಕೇಳಬಾರದಲ್ಲ. ಅವಳು ಕೂಗುವುದು ಮನೆಯಲ್ಲಿ. ಅವಳು ಕೂಗಿದರೂ ಅಪ್ಪನಿಗೆ ಮುಟ್ಟದ್ದನ್ನು ಇನ್ನೂ ಜೋರಾಗಿ ಹೇಳುವುದು ಚಿಕ್ಕಂದಿನಿಂದ ನನ್ನ ಉದ್ಯೋಗ. ತೀರ್ಪುಗಾರರು ಮೆಚ್ಚಿಕೊಂಡ ನನ್ನ ಕಂಠದ ಮೂಲ ಅಲ್ಲಿದೆ.

ಮೇ ತಿಂಗಳ ಮೊದಲ ವಾರ ನಾವು ಮೂವರೂ ಆ ವ್ಯಾನನ್ನು ಓಡಿಸಿ ನೋಡಲು ಅಗಸೂರಿನ ಕಡೆ ಹೊರಟೆವು. ಮಳೆಗಾಲಕ್ಕೆ ಬೋಟುಗಳನ್ನು ಮೇಲೆ ಎಳೆದ ಮೇಲೆ ಎರಡು ತಿಂಗಳು ಅಪ್ಪನಿಗೆ ಕೆಲಸವಿಲ್ಲ, ಆಗ ಆಯಿಯನ್ನು ಕರೆದುಕೊಂಡು ಘಟ್ಟ ಹತ್ತುವುದು ಅವನ ಯೋಜನೆ. ಹಿಂದಿನ ಸೀಟು ಕಿತ್ತ ಮೇಲೆ ಖಾಲಿ ತಗಡಿನ ಡಬ್ಬಿ ಅದು. ಹೊಂಡಕ್ಕೊಮ್ಮೆ ಹೊಟ್ಟೆಯಿಂದ ಢಮಾರ್ ಅನ್ನುತ್ತಿತ್ತು, ಲಾರಿ ಪಕ್ಕದಲ್ಲಿ ಹಾದರೆ ಇಡೀ ಮೈ ಗುಂಯ್ಯೆನ್ನುತ್ತಿತ್ತು. ರಸ್ತೆಬದಿಯಲ್ಲಿ ಹೆಂಗಸರು ಇಷಾಡು ಮಾವಿನ ಬುಟ್ಟಿ ಇಟ್ಟುಕೊಂಡು ಕೂತದ್ದು ಆಯಿಗೆ ಕಂಡಿತು.

"ನಿಲ್ಸಿ! ಇಷಾಡು!"

"ಹೌದೌದು, ಚಲೋ ರಸ್ತೆ," ಅಂದ ಅಪ್ಪ.

"ಹಣ್ಣೂ! ಹಣ್ಣೂ!"

"ಹಾಂ, ಹೊಸಾ ಡಾಂಬರು!"

ಬುಟ್ಟಿಗಳು ಹಿಂದೆ ಹೋದವು, ಅಗಸೂರೂ ಹಿಂದೆ ಹೋಯಿತು. ಮನೆಗೆ ಬಂದ ಮೇಲೆ ಆಯಿ ನನ್ನ ಮೂಲಕ ಅಪ್ಪನಿಗೆ ಷರತ್ತು ಕಳುಹಿಸಿದಳು. ಕಳುಹಿಸಿದ್ದೆಂದರೆ, ಅವನು ಎದುರಿಗೇ ಕೂತಿದ್ದ, ಅವಳು ನನ್ನನ್ನು ನೋಡಿ ಹೇಳಿದಳು:

"ಗಾಡಿ ಒಳಗೆ ಕೂತು, ಪೇಟೆಲಿ ಮಾತಾಡೂ ಹಾಂಗೆ ಸಣ್ಣಕೆ ಮಾತಾಡ್ತೆ ನಾನು. ಅದಕ್ಕೆ ಉತ್ರ ಬಂದ್ರೆ ನಾನೂ ಬತ್ತೆ. ಇಲ್ಲಾಂದ್ರೆ ಒಬ್ರೇ ಹೋಗ್ಲಿ, ಸಮುದ್ರಕ್ಕೆ ಹೋದ ಹಾಂಗೆ. ನಂಗೇನು ಅದು ಹೊಸದಲ್ಲ."

ನಾನು ಅದನ್ನು ಜೋರಾಗಿ ಹೇಳಿದೆ. ಅಪ್ಪನ ಮುಖ ಒಂದು ಗಳಿಗೆ ಸಣ್ಣದಾಯಿತು. ಅವಳಿಲ್ಲದೆ ಅವನು ಹೋಗುವವನಲ್ಲ, ಇಷ್ಟು ಮಾತ್ರ ಕೇರಿಯವರು ಹೇಳುವುದರಲ್ಲಿ ಸತ್ಯ. ಆಮೇಲೆ ಎದ್ದು ಅಂಗಿ ಹಾಕಿಕೊಂಡ. "ಸದ್ದು ತಾನೇ? ನಿಲ್ಸಿದ್ರಾಯ್ತು." ಸಮಸ್ಯೆ ಪೂರ್ತಿಯಾಗಿ ತಗಡಿನದ್ದೇ ಎಂದು ಅಲ್ಲಿಗೆ ತೀರ್ಮಾನವಾಯಿತು. ನಾನೂ ಒಪ್ಪಿದೆ. ಸಾಕ್ಷಿ ಕೇಳಲಿಲ್ಲ.

ಕೆಲಸಕ್ಕೆ ಸಿಕ್ಕಿದ್ದು ಮಾವ, ಆಯಿಯ ತಮ್ಮ. ಅರ್ಗಾದಲ್ಲಿ ಮನೆ, ಕಾರವಾರದ ಬಂದರಿನಲ್ಲಿ ಕೆಲಸ. ಬೋಟಿನ ಹೊಟ್ಟೆಯಲ್ಲಿ ಮೀನು ತುಂಬುವ ಐಸಿನ ಪೆಟ್ಟಿಗೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಸುತ್ತ ಥರ್ಮೋಕೋಲ್, ಮೇಲೆ ಫೈಬರ್ ಹೊದಿಕೆ, ಒಂದು ಎಳೆ ಗಾಳಿಯೂ ನುಸುಳದ ಹಾಗೆ. ವ್ಯಾನು ಅವನ ಅಂಗಳದಲ್ಲಿ ನಿಂತಿತು. ನಾನು ಮೊಬೈಲಿನಲ್ಲಿ ಹತ್ತಾರು ವಿಡಿಯೊ ನೋಡಿ, ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಬಿಸಿಲು ತಡೆಯುವ ಕೆಲಸ ಬೇರೆ, ಸದ್ದು ತಡೆಯುವ ಕೆಲಸ ಬೇರೆ. ತಗಡು ನಡುಗುವುದರಿಂದ ಸದ್ದು. ನಡುಕ ನಿಲ್ಲಬೇಕಾದರೆ ಭಾರವಾದದ್ದೊಂದು ತಗಡಿಗೇ ಅಂಟಿಕೊಳ್ಳಬೇಕು. ಥರ್ಮೋಕೋಲಿಗೆ ಭಾರವೆಲ್ಲಿದೆ?

ಮಾವ ಎಲ್ಲ ಕೇಳಿಸಿಕೊಂಡ. ಬೀಡಿ ಆರಿಸಿದ.

"ತಂಗೀ, ನಾಲ್ಕು ದಿವ್ಸ ಸಮುದ್ರದಲ್ಲಿ ಐಸ್ ಉಳಿಯೂ ಹಾಂಗೆ ಮಾಡೂದು ನಾನು. ಎರಡು ಜನ ಮಲಗೂ ಡಬ್ಬಿ ಎಂತಾ ದೊಡ್ಡದು?"

"ಮಾವಾ, ಐಸ್ ಬೇರೆ, ಆಯಿ ಬೇರೆ."

"ನೀನು ನನ್ನಕ್ಕನ್ನ ಈಗ ನೋಡಿದ್ದು. ನಾನು ಹುಟ್ಟಿದಾಗಿಂದ ನೋಡ್ತೆ, ಐಸೇ."

"ಸದ್ದಿಗೆ ಎಂತ ಮಾಡ್ತಿ ಹೇಳು."

"ಇಷ್ಟು ದಪ್ಪ ದಾಟಿ ಎಲ್ಲಿಂದ ಬರೂದು ಸದ್ದು? ನನ್ನ ಪೆಟ್ಟಿಗೆ ಒಳಗಿಂದ ಒಂದು ಬಂಗಡೆ ಆದ್ರೂ ಗಲಾಟೆ ಜಾಸ್ತಿ ಅಂತ ದೂರು ಕೊಟ್ಟದ್ದು ಉಂಟಾ?"

"ಬಂಗಡೆ ಉಸಿರೂ ಆಡೂದಿಲ್ಲ ಮಾವಾ."

"ಎಂತ ಹೇಳ್ತದೆ ಅದು?" ಅಪ್ಪ ಕೇಳಿದ.

"ನಿಮ್ಮ ಮಗಳು ಮೀನಿನ ಪರ ವಕೀಲಿ ಮಾಡ್ತದೆ ಭಾವಾ!"

ಎಲ್ಲರೂ ನಕ್ಕರು. ಚರ್ಚೆಯಲ್ಲಿ ಜನ ನಕ್ಕರೆ ಸೋತ ಹಾಗೆಯೇ, ವಾದ ಎಷ್ಟೇ ಸರಿಯಿದ್ದರೂ. ಎಂಟು ದಿನ ಅರ್ಗಾದ ಅಂಗಳದಲ್ಲಿ ಫೈಬರ್ ಅಂಟಿನ ವಾಸನೆ ತುಂಬಿತು. ಅಪ್ಪ ಮತ್ತು ಮಾವ ಒಬ್ಬರಿಗೊಬ್ಬರು ಮಾತೇ ಆಡದೆ ಕೆಲಸ ಮಾಡುವುದನ್ನು ನೋಡುವುದು ಚೆಂದ. ಒಬ್ಬನ ಕೈ ಚಾಚುವ ಮೊದಲೇ ಇನ್ನೊಬ್ಬನ ಕೈಯಲ್ಲಿ ಬೇಕಾದದ್ದು ಇರುತ್ತಿತ್ತು. ಕೆಲಸ ಮುಗಿದ ದಿನ ಆಯಿ ಬಂದಳು. ಒಳಗೆಲ್ಲ ಬೆಳ್ಳಗೆ, ನುಣ್ಣಗೆ, ಮೂಲೆಗಳೆಲ್ಲ ದುಂಡಗೆ. ಅವಳು ಚಪ್ಪಲಿ ಬಿಟ್ಟು ಹತ್ತಿ ಎರಡು ಹೆಜ್ಜೆ ಇಟ್ಟು ನಿಂತಳು.

"ತಮ್ಮಾ, ಇದೆಂತಾ ನೆಲ ಹಿಂದೆ ಜಾರ್ತದೆ?"

ಐಸಿನ ಪೆಟ್ಟಿಗೆಯ ತಳ ಯಾವಾಗಲೂ ಒಂದು ಕಡೆಗೆ ಇಳಿಜಾರು, ಕರಗಿದ ನೀರು ಹರಿದು ಹೋಗಬೇಕಲ್ಲ. ಇಬ್ಬರು ಅನುಭವಿಗಳ ನಾಲ್ಕು ಕೈಗಳು ಯಾರನ್ನೂ ಕೇಳದೆ ವ್ಯಾನಿಗೂ ಇಳಿಜಾರು ಕೊಟ್ಟಿದ್ದವು. ಅಷ್ಟೇ ಅಲ್ಲ, ಕೊನೆಯ ಮೂಲೆಯಲ್ಲಿ ಒಂದು ತೂತು, ತೂತಿಗೆ ಬಟ್ಟೆ ಸುತ್ತಿದ ಮರದ ಬಿರಡೆ. ಆಯಿ ಬಗ್ಗಿ ಬಿರಡೆ ಕಿತ್ತಳು. ತೂತಿನಿಂದ ಅರ್ಗಾದ ಮಣ್ಣು ಕಾಣುತ್ತಿತ್ತು.

"ನನ್ನನ್ನ ಎಷ್ಟು ದಿವ್ಸ ಐಸಲ್ಲಿ ಇಡೂ ಅಂದಾಜು ನಿಮ್ಮದು?"

ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮಾವ ಸೋಲೊಪ್ಪಲಿಲ್ಲ. ಇಳಿಜಾರು ಒಂದು ಹಲಗೆಯಲ್ಲಿ ಸರಿಯಾಗುವ ಮಾತು, ಒಳಗಿನ ತಂಪು ನೋಡು ಅಂದ. ಊಟವಾದ ಮೇಲೆ ಅದನ್ನು ಸಾಬೀತುಪಡಿಸಲು ಅವನೂ ಅಪ್ಪನೂ ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಮಲಗಿದರು. ಮುಕ್ಕಾಲು ಗಂಟೆಯ ಬಳಿಕ ಬಾಗಿಲು ತೆರೆಯಿತು. ಅರಿಶಿನ ಎಲೆಯಲ್ಲಿ ಬೇಯಿಸಿದ ಕಡುಬಿನ ಹಾಗೆ ಇಬ್ಬರೂ ಹಬೆಯಾಡುತ್ತಾ ಇಳಿದರು. ಚಾವಣಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹೊರಗಿನ ಬಿಸಿಯನ್ನು ತಡೆದ ಗೋಡೆ ಒಳಗಿನ ಬಿಸಿಯನ್ನೂ ಉಸಿರನ್ನೂ ಅಷ್ಟೇ ನಿಷ್ಠೆಯಿಂದ ತಡೆದಿತ್ತು. ಆ ನೀರು ಮಾತ್ರ ಸಾಲಾಗಿ ಇಳಿಜಾರಿನಲ್ಲಿ ಹರಿದು ತೂತಿನಿಂದ ಹೊರಗೆ ಹೋಗುತ್ತಿತ್ತು.

"ಕಾಣು, ತೂತು ಉಪಯೋಗಕ್ಕೆ ಬಂತು," ಅಂದ ಮಾವ.

ಸದ್ದಿನ ಪರೀಕ್ಷೆ ಇನ್ನೂ ಬೇಗ ಮುಗಿಯಿತು. ಹೆದ್ದಾರಿಗೆ ಬಂದದ್ದೇ ತಡ, ಥರ್ಮೋಕೋಲ್ ತಗಡಿಗೆ ಉಜ್ಜಿ ಕಿರಕಿರ ಶುರುವಾಯಿತು, ನೂರು ಇಲಿಗಳನ್ನು ಗೋಡೆಯೊಳಗೆ ಹಾಕಿ ಹೊಲಿದ ಹಾಗೆ. ಹಳೆಯ ಢಮಾರ್ ಎಲ್ಲಿಗೂ ಹೋಗಿರಲಿಲ್ಲ, ಇಲಿಗಳ ಹಿಂದೆ ಕೂತಿತ್ತು. ಆಯಿ ಕಿಟಕಿಯ ಹೊರಗೆ ನೋಡಿದಳು. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದ. ಆ ಸಂಜೆ ಅವನು ನನ್ನ ಹತ್ತಿರ ಬಂದು, "ನಿನ್ನ ವಿಡಿಯೊದಲ್ಲಿ ಎಂತ ಮಾಡ್ತ್ರು ಅಂತ ಹೇಳಿದ್ದಿ?" ಎಂದು ಕೇಳಿದ. ಚರ್ಚೆಯಲ್ಲಿ ನನಗೆ ಸಿಕ್ಕಿದ ಯಾವ ಫಲಕಕ್ಕೂ ಆ ಪ್ರಶ್ನೆಯ ತೂಕವಿಲ್ಲ. ಎರಡು ದಿನ ನಾನು ಸಹಿಸಲಾಗದವಳಾಗಿದ್ದೆ ಎಂದು ಆಯಿ ಹೇಳುತ್ತಾಳೆ.

ಎಲ್ಲ ಕಿತ್ತೆವು. ಥರ್ಮೋಕೋಲಿನ ಕಾಳು ಅರ್ಗಾದ ಗಾಳಿಗೆ ಹಾರಿ, ಮಾವನ ಕೋಳಿಗಳು ಅದನ್ನು ಅಕ್ಕಿಯೆಂದು ನಂಬಿ ಓಡಾಡಿದವು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಕಟ್ಟು ಬಂತು: ಒಂದು ಮುಖ ಬೆಳ್ಳಿ ಕಾಗದ, ಇನ್ನೊಂದು ಮುಖ ಡಾಂಬರಿನಂಥ ಕಪ್ಪು ಅಂಟು, ಕೈಯಲ್ಲಿ ಹಿಡಿದರೆ ಸೀಸದ ತೂಕ. ಅದನ್ನು ತುಂಡು ಮಾಡಿ ತಗಡಿಗೆ ಅಂಟಿಸಿ ಬಲವಾಗಿ ಒತ್ತಬೇಕು, ನಡುವೆ ಗಾಳಿ ಉಳಿಯಬಾರದು. ವಿಡಿಯೊದವರು ಇದಕ್ಕೊಂದು ಉರುಳೆ ತೋರಿಸಿದ್ದರು, ನಮ್ಮಲ್ಲಿ ಇಲ್ಲ. ಮಾವ ಚೀಲದಿಂದ ತನ್ನ ಉರುಳೆ ತೆಗೆದ, ಫೈಬರ್ ಕೆಲಸದಲ್ಲಿ ಗುಳ್ಳೆ ಒಡೆಯಲು ಬಳಸುವ ಸಣ್ಣ ಕಬ್ಬಿಣದ್ದು. ನಾನು ಒಂದು ತುಂಡು ಒತ್ತುವಷ್ಟರಲ್ಲಿ ಅವನು ಒಂದು ಬದಿ ಮುಗಿಸಿದ್ದ. ಅನುಭವದ ವಿರುದ್ಧ ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣದ ಒಂದು ಪುಟ ಅಲ್ಲಿಗೆ ಹರಿದುಹೋಯಿತು. ಮುಗಿದ ಮೇಲೆ ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ಬಡಿದರೆ ಢಣ್ ಅನ್ನುತ್ತಿದ್ದ ತಗಡು ಟಪ್ ಅನ್ನುತ್ತಿತ್ತು, ಹಣ್ಣಾದ ಹಲಸಿನ ಹಾಗೆ. ಅದರ ಮೇಲೆ ರಬ್ಬರಿನಂಥ ಮೆತ್ತನೆಯ ಹಾಳೆ, ಅದರ ಮೇಲೆ ತೆಳು ಹಲಗೆ.

ಉಳಿದದ್ದು ಚಾವಣಿಗೆ ಗಾಳಿಯ ತೂತು. ಇದೊಂದಕ್ಕೆ ಅಪ್ಪ ತಯಾರಿರಲಿಲ್ಲ. ಬೋಟಿಗೆ ತೂತು ಅಂದರೆ ಏನೆಂದು ಗೊತ್ತಿದ್ದವನು, ತಾನಾಗಿ ದುಡ್ಡು ಕೊಟ್ಟು ತೂತು ಕೊರೆಸುವುದನ್ನು ನೋಡಲಾರೆ ಅಂದ. ಮಾವ ಕೊರೆಯುವಷ್ಟು ಹೊತ್ತೂ ಅಂಗಳದ ಆಚೆ ಬೆನ್ನು ಹಾಕಿ ನಿಂತಿದ್ದ.

ಬೋಟು ಎಳೆಯಲು ಇನ್ನು ನಾಲ್ಕು ದಿನ ಇರುವಾಗ ಪರೀಕ್ಷೆಗೆ ಹೊರಟೆವು. ಅಪ್ಪ ಸ್ಟಿಯರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಆಯಿ, ಹಿಂದಿನ ಮಂಚದ ಮೇಲೆ ನಾನು. ಅಗಸೂರು ದಾಟಿದೆವು. ಲಾರಿ ಹಾದುಹೋದರೆ ದೂರದಲ್ಲಿ ಯಾರೋ ಕಂಬಳಿ ಕೊಡವಿದಂತೆ ಅಷ್ಟೆ. ನನ್ನ ಕೈಗಡಿಯಾರದ ಟಿಕ್ ಟಿಕ್ ನನಗೇ ಕೇಳುತ್ತಿತ್ತು. ಗೆದ್ದೆ ಅಂದುಕೊಂಡೆ.

ಆಯಿ ಸೆರಗು ಸರಿಮಾಡಿಕೊಂಡು, ಪೇಟೆಯಲ್ಲಿ ದರ ಹೇಳುವ ದನಿಯಲ್ಲಿ, ರಸ್ತೆಯನ್ನೇ ನೋಡುತ್ತಾ ಹೇಳಿದಳು:

"ಸುಂಕಸಾಳದಲ್ಲಿ ಚಾ ಕುಡಿವಾ."

ಅಪ್ಪ ಗಾಡಿ ಓಡಿಸುತ್ತಿದ್ದ.

ಅಭ್ಯಾಸಬಲದಿಂದ ನಾನು ಅದನ್ನು ಜೋರಾಗಿ ಹೇಳಲು ಬಾಯಿ ತೆರೆದೆ. ಆಯಿ ತಿರುಗದೆಯೇ ಕೈಯನ್ನು ಹಿಂದೆ ಚಾಚಿ ನನ್ನ ಮೊಣಕಾಲು ಒತ್ತಿದಳು. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು.

"ಹಿಂದೆ ಎಂತದೋ ಕಿರ್ ಅಂತದೆ," ಅಂದ ಅಪ್ಪ. "ಎಡಬದಿ. ಮೇಲೆ."

ನಾನು ಕಿವಿಗೊಟ್ಟೆ. ನನಗೇನೂ ಕೇಳಲಿಲ್ಲ. ಹಲಗೆಗೆ ಕಿವಿ ಹಚ್ಚಿದೆ. ಆಗ ಕೇಳಿತು, ಸೊಳ್ಳೆಯ ರೆಕ್ಕೆಯಷ್ಟು. ಸಂದಿನಲ್ಲಿ ಬೆರಳು ಹಾಕಿದರೆ ಹಳೆಯ ಥರ್ಮೋಕೋಲಿನ ಚೂರೊಂದು ಉಳಿದುಕೊಂಡಿತ್ತು, ಉಗುರಿನಷ್ಟು. ಎಳೆದು ತೆಗೆದೆ.

"ಹಾಂ, ನಿಂತ್ತು," ಅಂದ ಅಪ್ಪ, ಸಮಾಧಾನದಿಂದ.

ಇಂಜಿನಿನ ಗದ್ದಲ ಮೊದಲು ಕಸಿಯುವುದು ಸಣ್ಣ, ಚೂಪು ಸದ್ದುಗಳನ್ನು ಎಂದು ನಾನೇ ಓದಿ, ನಾನೇ ಅವನ ಪರವಾಗಿ ಊರೆಲ್ಲ ವಾದಿಸಿದ್ದೆ. ಹಾಗಿದ್ದರೆ ಈ ಕಿರ್ ಅವನಿಗೆ ಕೇಳಲೇಬಾರದಿತ್ತು. ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತೆ. ವಿರೋಧ ಪಕ್ಷಕ್ಕೂ ಒಂದು ಅವಕಾಶ ಕೊಡಬೇಕು ಎಂದು ಯೋಚಿಸಿದೆ: ಇಂಜಿನ್ ನೋಡಿಕೊಂಡವನ ಕಿವಿ ಹದ ತಪ್ಪಿದ ಸದ್ದನ್ನು ಹುಡುಕುತ್ತಿರುತ್ತದೆ, ಸರಿಯಾಗಿರುವುದನ್ನು ಬಿಟ್ಟುಬಿಡುತ್ತದೆ, ಅದು ಕೆಪ್ಪೂ ಅಲ್ಲ, ಮೋಸವೂ ಅಲ್ಲ. ವಾದ ಚೆನ್ನಾಗಿತ್ತು. ಮುಂದಿನ ಸೀಟಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಸುಂಕಸಾಳದ ಚಾ ಅಂಗಡಿ ಎಡಕ್ಕೆ ಬಂತು. ಎರಡು ಲಾರಿ ನಿಂತಿದ್ದವು, ಒಲೆಯ ಹೊಗೆ ರಸ್ತೆಗೆ ಬರುತ್ತಿತ್ತು. ವ್ಯಾನಿನ ವೇಗ ಕಡಿಮೆಯಾಗಲಿಲ್ಲ. ಅಂಗಡಿ ಹಿಂದೆ ಸರಿದು ಕನ್ನಡಿಯಲ್ಲಿ ಸಣ್ಣದಾಯಿತು. ಆಗ ಆಯಿ ಮೊದಲ ಸಲ ರಸ್ತೆಯಿಂದ ಕಣ್ಣು ತೆಗೆದು ಅಪ್ಪನ ಕಡೆ ಪೂರ್ತಿ ತಿರುಗಿ ಕೂತಳು. ದನಿ ಏರಿಸಲಿಲ್ಲ.

"ಕಿರ್ ಅಂದದ್ದು ಕೇಳ್ತು. ಚಾ ಅಂದದ್ದು ಕೇಳ್ಲಿಲ್ವಾ?"