ಹರ್ಷಿಣಿಗೆ ಸಿಕ್ಕ ರ‍್ಯಾಂಪ್

ಹೆಜಮಾಡಿಯ ಹರ್ಷಿಣಿ ಗಾಲಿಕುರ್ಚಿಯಲ್ಲಿ ಕುಳಿತು ಟೆನಿಸ್ ಆಡುತ್ತಾಳೆ. ಆಡುವುದು ಮೀನು ಒಣಗಿಸುವ ಸಿಮೆಂಟು ಅಂಗಳದಲ್ಲಿ. ಐಸ್ ಪ್ಲಾಂಟಿನ ಗೋಡೆಯೇ ಎದುರಾಳಿ. ಉಡುಪಿಯ ಕ್ಲಬ್ಬಿನಲ್ಲಿ ಕೋರ್ಟಿಗೆ ಇಳಿಯಲು ಮೆಟ್ಟಿಲುಗಳೇ ದಾರಿ.

ಹಾಗೆಂದು ಕ್ಲಬ್ಬಿನವರು ಕಲ್ಲು ಹೃದಯದವರಲ್ಲ. ಪ್ರತಿ ವಾರ್ಷಿಕೋತ್ಸವಕ್ಕೂ ಅವಳನ್ನು ಕುರ್ಚಿ ಸಮೇತ ಹೊತ್ತು ವೇದಿಕೆಗೆ ಏರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಾರೆ.

ಕಳೆದ ವರ್ಷ ಅವಳು ಮೈಕಿನಲ್ಲೇ ಕೇಳಿದಳು: "ಶಾಲು ಮನೆಯಲ್ಲಿ ರಾಶಿ ಉಂಟು. ಮೆಟ್ಟಿಲಿಗೆ ಒಂದು ರ‍್ಯಾಂಪ್ ಮಾಡಿಸಿ." ಜೋರು ಚಪ್ಪಾಳೆ ಬಿತ್ತು.

ಈ ವರ್ಷ ಅಧ್ಯಕ್ಷ ಜನಾರ್ದನ ರಾಯರು ಗೇಟಿಗೇ ಬಂದು ಎದುರುಗೊಂಡರು. "ರ‍್ಯಾಂಪ್ ಆಯ್ತಮ್ಮಾ. ಇನ್ನು ನಿನ್ನನ್ನು ಯಾರೂ ಹೊರುವುದು ಬೇಡ, ಅಲ್ವಾ?"

ರ‍್ಯಾಂಪ್ ನಿಜಕ್ಕೂ ಚೆನ್ನಾಗಿತ್ತು. ಹಿಡಿದುಕೊಳ್ಳಲು ಸ್ಟೀಲಿನ ಕಂಬಿಯೂ ಇತ್ತು. ಅದು ನೇರವಾಗಿ ವೇದಿಕೆಗೆ ಹೋಗುತ್ತಿತ್ತು.

ಹರ್ಷಿಣಿ ಯಾರ ಸಹಾಯವೂ ಇಲ್ಲದೆ ಮೇಲೇರಿ ಶಾಲು ಹೊದ್ದುಕೊಂಡಳು. ಅಲ್ಲಿಂದ ಕೋರ್ಟ್ ಬಹಳ ಚೆನ್ನಾಗಿ ಕಾಣುತ್ತಿತ್ತು.